ಬಚ್ಚಲು ಮನೆಯ ದೊಡ್ಡ ಜೇಡ: ಹೊಡೀಬೇಕಾ, ಬಿಡಬೇಕಾ?

(ಇದು ಆಡಿಯೊ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಇವತ್ತಿನ ಸಂಚಿಕೆ ಜೇಡದ ಬಗ್ಗೆ. ಮೂಲೆಯಲ್ಲಿ ಬಲೆ ಕಟ್ಟಿಕೊಂಡು ಕೂತಿರೋ ಸಣ್ಣ ಜೇಡ ಅಲ್ಲ. ಅಂಗೈ ಅಗಲದ್ದು. ರಾತ್ರಿ ಬಚ್ಚಲು ಮನೆಯ ಲೈಟ್ ಹಾಕಿದಾಗ ಎದುರಿನ ಗೋಡೆ ಮೇಲೆ ಎಂಟೂ ಕಾಲು ಚಾಚಿಕೊಂಡು ಸುಮ್ಮನೆ ಕೂತಿರುತ್ತಲ್ಲ, ಅದು. ಹೆಸರು ಕೇಳಿದ್ರೇನೆ ಮೈ ಜುಂ ಅನ್ನುತ್ತೆ ಅನ್ನೋರು ದಯವಿಟ್ಟು ಎದ್ದು ಹೋಗಬೇಡಿ. ನಾನೂ ಅದೇ ಪಂಗಡದವಳು. ಹಾಗಾಗಿ ಇದು ಜೇಡ ಪ್ರಿಯರ ಭಾಷಣ ಅಲ್ಲ. ಹೆದರಿಕೊಂಡವಳು ಒಂದು ತಪ್ಪು ಮಾಡಿ, ಆಮೇಲೆ ಕೂತು ಓದಿ, ಕೇಳಿ ತಿಳಿದುಕೊಂಡ ವಿಷಯ.

ಕಳೆದ ದಸರಾ ರಜೆಗೆ ಮಗಳನ್ನು ಕರ್ಕೊಂಡು ತೀರ್ಥಹಳ್ಳಿ ಕಡೆಯ ನಮ್ಮ ಅಮ್ಮನ ಮನೆಗೆ ಹೋಗಿದ್ದೆ. ಹಳೇ ಹೆಂಚಿನ ಮನೆ. ಹಿಂದೆ ಕೊಟ್ಟಿಗೆ, ಪಕ್ಕದಲ್ಲಿ ಸೌದೆ ಮನೆ, ಎದುರಿಗೆ ಗದ್ದೆ. ನಾನು ಹುಟ್ಟಿ ಬೆಳೆದ ಮನೆಯೇ. ಆದರೆ ಇಪ್ಪತ್ತು ವರ್ಷ ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಇದ್ದ ಮೇಲೆ ಅಭ್ಯಾಸ ತಪ್ಪುತ್ತೆ ನೋಡಿ. ಮೊದಲ ರಾತ್ರಿಯೇ ಸ್ನಾನಕ್ಕೆ ಹೋದೆ. ಹಂಡೆಯ ಮೇಲಿನ ಗೋಡೆಯಲ್ಲಿ ಅದು ಇತ್ತು. ನಾನು ಕಿರುಚಿದ್ದಕ್ಕೆ ಅಮ್ಮ ಅಡುಗೆ ಮನೆಯಿಂದಲೇ ಹೇಳಿದ್ರು: "ಅದು ನಿನಗಿಂತ ಮುಂಚೆಯಿಂದ ಈ ಮನೇಲಿ ಇದೆ ಮಾರಾಯ್ತಿ. ಅದರ ಪಾಡಿಗೆ ಅದಿರುತ್ತೆ. ನೀರು ಹೊಯ್ಕೊಂಡು ಬಾ."

ನೀರು ಹೊಯ್ಕೊಂಡೆ. ಕಣ್ಣು ಮಾತ್ರ ಗೋಡೆ ಬಿಟ್ಟು ಕದಲಲಿಲ್ಲ. ಸೋಪು ಕಣ್ಣಿಗೆ ಹೋದರೂ ಮುಚ್ಚಲಿಲ್ಲ.

ಮೂರನೇ ವಾರದಲ್ಲಿ ಆ ಜೇಡವನ್ನು ನಾನೇ ಚಪ್ಪಲಿಯಲ್ಲಿ ಹೊಡೆದು ಕೊಂದೆ. ಯಾಕೆ ಅನ್ನೋದನ್ನ ಆಮೇಲೆ ಹೇಳ್ತೀನಿ. ಮೊದಲು ಅದು ಏನು ಅಂತ ನೋಡೋಣ.

ಇದು ಯಾವ ಜೇಡ?

ಇಂಗ್ಲಿಷಿನಲ್ಲಿ ಇದನ್ನು ಹಂಟ್ಸ್‌ಮನ್ ಅಂತಾರೆ, ಅಂದ್ರೆ ಬೇಟೆಗಾರ. ವೈಜ್ಞಾನಿಕ ಹೆಸರು ಹೆಟೆರೊಪೋಡಾ ವೆನಟೋರಿಯಾ. ಆ ಎರಡನೇ ಪದಕ್ಕೂ ಬೇಟೆಗೆ ಸಂಬಂಧಪಟ್ಟದ್ದು ಎಂದೇ ಅರ್ಥ. 1767ರಲ್ಲಿ ಇದಕ್ಕೆ ಹೆಸರಿಟ್ಟವರು ಸ್ವೀಡನ್ನಿನ ಕಾರ್ಲ್ ಲಿನೇಯಸ್, ಜೀವಿಗಳಿಗೆಲ್ಲ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ರೂಢಿಗೆ ತಂದವರು. ನಮ್ಮ ಕಡೆ ಮಾತ್ರ ಇದಕ್ಕೆ ಬೇರೆ ಹೆಸರೇನೂ ಇಲ್ಲ. ದೊಡ್ಡ ಜೇಡ, ಜೇಡರ ಹುಳ, ಅಷ್ಟೇ.

ಹೆಣ್ಣಿನ ಮೈ ಎರಡೂವರೆ ಸೆಂಟಿಮೀಟರ್ ಆಸುಪಾಸು. ನಮ್ಮನ್ನು ಹೆದರಿಸೋದು ಮೈ ಅಲ್ಲ, ಕಾಲು. ಕಾಲು ಚಾಚಿದರೆ 7ರಿಂದ 12 ಸೆಂಟಿಮೀಟರ್ ಅಗಲ. ಗಂಡಿನ ಮೈ ಸ್ವಲ್ಪ ಚಿಕ್ಕದು, ಆದರೆ ಕಾಲು ಇನ್ನೂ ಉದ್ದ. ಬಣ್ಣ ಕಂದು. ಹೆಣ್ಣಿನ ಮುಖದ ಮುಂಭಾಗದಲ್ಲಿ ಕೆನೆಬಣ್ಣದ ಒಂದು ಪಟ್ಟಿ ಇರುತ್ತೆ. ದೂರದಿಂದ ನೋಡಿದರೆ ಬಿಳಿ ಮೀಸೆ ಬಿಟ್ಟ ಹಾಗೆ ಕಾಣುತ್ತೆ. ಗಂಡಿನ ಹೊಟ್ಟೆಯ ಮೇಲೆ ಉದ್ದಕ್ಕೆ ಕಪ್ಪು ಗೆರೆ. ಇಷ್ಟು ಗುರುತು ಸಾಕು.

ಇದು ನಮ್ಮ ಮಲೆನಾಡಿಗೆ ಮಾತ್ರ ಸೀಮಿತವಾದ ಜೇಡ ಅಲ್ಲ. ಕರಾವಳಿಯಲ್ಲೂ ಇದೆ, ಕೇರಳದಲ್ಲೂ ಇದೆ, ಆಫ್ರಿಕಾ, ಅಮೆರಿಕದ ಬಿಸಿ ಪ್ರದೇಶಗಳಲ್ಲೂ ಇದೆ. ಮೂಲ ಉಷ್ಣವಲಯದ ಏಷ್ಯಾ ಇರಬೇಕು ಅಂತ ತಿಳಿದವರು ಹೇಳ್ತಾರೆ. ಹಡಗಿನ ಸರಕಿನ ಜತೆ, ಅದರಲ್ಲೂ ಬಾಳೆಗೊನೆಗಳ ಸಂದಿಯಲ್ಲಿ ಕೂತು ಪ್ರಪಂಚ ಸುತ್ತಿದೆ. ಟಿಕೆಟ್ ಇಲ್ಲ, ವೀಸಾ ಇಲ್ಲ. ಆಸ್ಟ್ರೇಲಿಯಾದಲ್ಲಿರೋ ನಮ್ಮ ಕನ್ನಡದವರು ಮನೆಯೊಳಗೆ ಜೇಡ ಬಂತು ಅಂತ ಫೋಟೊ ಕಳಿಸ್ತಾರಲ್ಲ, ಅವೂ ಬಹಳ ಸಲ ಇದೇ ಕುಟುಂಬದ ಬೇರೆ ಜಾತಿಗಳು. ಈ ಕುಲದಲ್ಲೇ ಅತಿ ದೊಡ್ಡದು ಲಾವೋಸ್ ದೇಶದ್ದು, 2001ರಲ್ಲಿ ವಿಜ್ಞಾನಿಗಳು ಅದನ್ನು ವಿವರಿಸಿದರು. ಕಾಲು ಚಾಚಿದರೆ 30 ಸೆಂಟಿಮೀಟರ್. ಅಂದ್ರೆ ಮಕ್ಕಳ ಸ್ಕೇಲಿನಷ್ಟು. ಅದರ ಮುಂದೆ ನಮ್ಮ ಬಚ್ಚಲು ಮನೆಯದ್ದು ಮರಿ ಅಂತ ಸಮಾಧಾನ ಮಾಡಿಕೊಳ್ಳಬಹುದು.

ಬಲೆ ಕಟ್ಟದ ಜೇಡ

ಇಲ್ಲೊಂದು ತಮಾಷೆ ಇದೆ. ಕನ್ನಡದಲ್ಲಿ ಜೇಡ ಅನ್ನೋ ಪದಕ್ಕೆ ನೇಕಾರ ಅನ್ನೋ ಅರ್ಥವೂ ಇದೆ. ವಚನಕಾರ ಜೇಡರ ದಾಸಿಮಯ್ಯನವರ ಹೆಸರಿನಲ್ಲಿರುವ 'ಜೇಡ' ಅದೇ, ಅವರು ಬಟ್ಟೆ ನೇಯುತ್ತಿದ್ದವರು. ಅಂದ್ರೆ ನೇಯುವ ಹುಳಕ್ಕೆ ನೇಕಾರನ ಹೆಸರು. ಆದರೆ ನಮ್ಮ ಮನೆಗಳಲ್ಲಿರೋ ಅತಿ ದೊಡ್ಡ ಜೇಡ ನೇಯುವುದೇ ಇಲ್ಲ! ಬೇಟೆಗೆ ಇದು ಬಲೆ ಕಟ್ಟಲ್ಲ. ನೂಲು ತೆಗೆಯುತ್ತೆ, ಆದರೆ ಬಳಸೋದು ಮೊಟ್ಟೆಯ ಚೀಲ ಮಾಡೋದಕ್ಕೆ, ಓಡಾಡುವಾಗ ಆಧಾರದ ಎಳೆ ಬಿಡೋದಕ್ಕೆ.

ಹಾಗಾಗಿ ಮನೆ ತುಂಬ ಬಲೆ ಅಂತ ಈ ದೊಡ್ಡ ಜೇಡವನ್ನು ಬೈಯೋದು ಅನ್ಯಾಯ. ಮೂಲೆಮೂಲೆಯಲ್ಲಿ ಧೂಳು ಹಿಡಿದು ಜೋತಾಡೋ ಬಲೆ ಬೇರೆಯವರದ್ದು, ಮುಖ್ಯವಾಗಿ ಕಡ್ಡಿಯಂಥ ಉದ್ದ ಕಾಲಿನ, ಮುಟ್ಟಿದರೆ ಗಡಗಡ ಅಲುಗಾಡುವ ಆ ಸಣ್ಣ ಜೇಡಗಳದ್ದು. ದೊಡ್ಡದು ಹಗಲೆಲ್ಲ ಹೆಂಚಿನ ಸಂದಿಯಲ್ಲೋ, ಕ್ಯಾಲೆಂಡರಿನ ಹಿಂದೋ, ಅಟ್ಟದ ಗೋಣಿಚೀಲದ ಮಡಿಕೆಯಲ್ಲೋ ಅಂಟಿಕೊಂಡಿರುತ್ತೆ. ಅದರ ಮೈ ಚಪ್ಪಟೆ. ಕಾಲುಗಳು ಬೇರೆ ಜೇಡಗಳ ಹಾಗೆ ಕೆಳಕ್ಕೆ ಮಡಚಿಕೊಳ್ಳದೆ, ಏಡಿ ಕಾಲಿನ ಹಾಗೆ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಇಷ್ಟು ದೊಡ್ಡ ಪ್ರಾಣಿ ಅಷ್ಟು ಸಣ್ಣ ಸಂದಿಗೆ ಹೇಗೆ ಹೋಯ್ತು ಅಂತ ನಾವು ಬಾಯಿ ಬಿಟ್ಟು ನೋಡೋದು ಇದೇ ಕಾರಣಕ್ಕೆ.

ಕತ್ತಲಾದ ಮೇಲೆ ಹೊರಗೆ ಬಂದು ಒಂದು ಕಡೆ ಕಾಯುತ್ತೆ. ಜಿರಳೆ ನಡೆದರೆ ನೆಲ, ಗೋಡೆ ಸಣ್ಣಗೆ ಅದುರುತ್ತಲ್ಲ, ಅದನ್ನು ಕಾಲಿನ ಕೂದಲುಗಳಿಂದ ಗ್ರಹಿಸುತ್ತೆ. ಆಮೇಲೆ ಒಂದೇ ನೆಗೆತ. ಜಿರಳೆ, ಮಿಡತೆ, ಪತಂಗ, ಅಪರೂಪಕ್ಕೆ ಸಣ್ಣ ಹಲ್ಲಿ. ಪಾದದ ತುದಿಯಲ್ಲಿ ಅತಿ ಸೂಕ್ಷ್ಮ ಕೂದಲಿನ ಕುಚ್ಚು ಇರುವುದರಿಂದ ನುಣುಪು ಟೈಲ್ಸ್ ಮೇಲೂ ಜಾರದೆ ಓಡುತ್ತೆ.

ಯಾಕೆ ನಮ್ಮ ಕಡೆಗೇ ಓಡಿ ಬರುತ್ತೆ?

ನನಗೆ ಎಲ್ಲಕ್ಕಿಂತ ಭಯ ಇದ್ದದ್ದು ಈ ಓಟದ ಬಗ್ಗೆ. ಕೂತಿದ್ದರೆ ಸಹಿಸಬಹುದು. ಓಡಿದರೆ? ಅದೂ ನನ್ನ ಕಡೆಗೇ?

ಜೇಡ ನಮ್ಮನ್ನು ಮನುಷ್ಯರು ಅಂತ ಗುರುತಿಸಿ ಅಟ್ಟಿಸಿಕೊಂಡು ಬರೋದಿಲ್ಲ. ಕಣ್ಣು ಎಂಟಿದ್ದರೂ ಬೇಟೆಗೆ ಅದು ಹೆಚ್ಚು ನಂಬೋದು ಕಂಪನವನ್ನು. ದಿಢೀರ್ ಅಂತ ಬೆಳಕು ಬಿದ್ದಾಗ, ಪೊರಕೆ ಬೀಸಿದಾಗ, ಹತ್ತಿರದ ಕತ್ತಲೆ ಕಡೆಗೆ ಓಡುತ್ತೆ. ಆ ಹತ್ತಿರದ ಕತ್ತಲೆ ಕೆಲವೊಮ್ಮೆ ನಮ್ಮ ನೆರಳು, ನಮ್ಮ ಲಂಗದ ಅಂಚು. ನಾವು ಕೂಗಿ ಕುಣಿದಷ್ಟೂ ನೆಲ ಅದುರುತ್ತೆ, ಅದು ಇನ್ನೂ ಗಾಬರಿಯಾಗಿ ದಿಕ್ಕು ಬದಲಿಸುತ್ತೆ. ಇಬ್ಬರೂ ಹೆದರಿಕೊಂಡು ಒಬ್ಬರ ಸುತ್ತ ಒಬ್ಬರು ಸುತ್ತೋದು, ಅಷ್ಟೇ.

ಇನ್ನೊಂದು ವಿಷಯ. ಈ ಓಟ ಹೆಚ್ಚು ಹೊತ್ತು ನಡೆಯೋದಿಲ್ಲ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವುದಕ್ಕೆ ಸ್ನಾಯು ಇದೆ, ಚಾಚುವುದಕ್ಕೆ ಇಲ್ಲ. ದೇಹದೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ತಳ್ಳಿ ಚಾಚುತ್ತೆ, ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ಏಳುವ ಹಾಗೆ. ಸ್ವಲ್ಪ ದೂರ ಜೋರಾಗಿ ಓಡಿದರೆ ಬೇಗ ಸುಸ್ತಾಗಿ ನಿಂತುಬಿಡುತ್ತೆ. ಸತ್ತ ಜೇಡದ ಕಾಲು ಯಾಕೆ ಮುದುಡಿರುತ್ತೆ ಅನ್ನೋದಕ್ಕೂ ಇದೇ ಉತ್ತರ. ಒತ್ತಡ ಹೋಯ್ತು, ಕಾಲು ಮಡಚಿಕೊಳ್ತು.

ಅಟ್ಟ ಗುಡಿಸುವಾಗ ಎಂಟು ಕಾಲಿರುವ, ಹಗುರವಾದ, ಒಣಗಿದ ಜೇಡ ಸಿಕ್ಕರೆ ಅದು ಸತ್ತದ್ದೇ ಆಗಿರಬೇಕಿಲ್ಲ. ಬಹಳ ಸಲ ಅದು ಪೊರೆ. ಹಾವಿನ ಹಾಗೆ ಜೇಡವೂ ಬೆಳೆಯುತ್ತಾ ಹಲವು ಸಲ ಪೊರೆ ಬಿಡುತ್ತೆ. ಬೆಳೆಯುವ ವಯಸ್ಸಿನಲ್ಲಿ ಕಾಲು ಕಳಕೊಂಡರೆ ಮುಂದಿನ ಪೊರೆ ಬಿಡುವಾಗ ಹೊಸ ಕಾಲು ಬರುತ್ತೆ, ಮೊದಮೊದಲು ಸ್ವಲ್ಪ ಗಿಡ್ಡ. ನಮ್ಮಮ್ಮ ಇದನ್ನೆಲ್ಲ ಓದಿದವರಲ್ಲ. ಆದರೆ "ಅಂಗಿ ಬಿಚ್ಚಿಟ್ಟು ಹೋಗಿದೆ" ಅಂತಿದ್ದರು.

ಮಗಳ ಕತ್ತಿನ ಮೇಲಿನ ಬೊಬ್ಬೆ

ಈಗ ನನ್ನ ಚಪ್ಪಲಿಯ ಕಥೆಗೆ ಬರ್ತೀನಿ.

ಮೂರನೇ ವಾರ ಒಂದು ಬೆಳಿಗ್ಗೆ ಮಗಳು ಕತ್ತು ಉರಿ ಅಂತ ಅಳ್ತಾ ಎದ್ದಳು. ನೋಡಿದರೆ ಕತ್ತಿನ ಎಡಭಾಗದಲ್ಲಿ ಬೆರಳಿನಿಂದ ಗೀರಿದ ಹಾಗೆ ಕೆಂಪು ಗೆರೆ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಸಣ್ಣ ಸಣ್ಣ ನೀರುಗುಳ್ಳೆ. ಪಕ್ಕದ ಮನೆಯವರು ಬಂದು ಸರ್ಪಸುತ್ತು ಇರಬಹುದು ಅಂದರು. ಅಮ್ಮ ಬೆಳಕಿಗೆ ಹಿಡಿದು ನೋಡಿ, "ಜೇಡ ಹರಿದಿದೆ. ಮಲಗಿದ್ದಾಗ ಕತ್ತಿನ ಮೇಲೆ ಹರಿದು ಹೋಗಿದೆ" ಅಂದರು. ಹಸಿ ಅರಿಶಿನ ತೇಯ್ದು ಹಚ್ಚಿದ್ದೂ ಆಯ್ತು. ಮಗು ಉರಿ ತಡೆಯಲಾರದೆ ಉಜ್ಜಿಕೊಂಡಳು, ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡಳು. ಮಾರನೇ ದಿನ ಎಡಗಣ್ಣಿನ ರೆಪ್ಪೆ ಊದಿಕೊಂಡು ಮುಚ್ಚಿಹೋಗಿತ್ತು.

ಮಗುವಿನ ಕಣ್ಣು ಆ ಥರ ಕಂಡಾಗ ತಾಯಿಯ ತಲೆಯಲ್ಲಿ ವಿಜ್ಞಾನ ಏನೂ ಉಳಿಯೋದಿಲ್ಲ. ನಾನು ಸೀದಾ ಬಚ್ಚಲು ಮನೆಗೆ ಹೋದೆ. ಅದು ಎಂದಿನ ಜಾಗದಲ್ಲೇ ಇತ್ತು. ಹೊಡೆದೆ. ಒಂದು ಏಟಿಗೆ ಸಾಯಲಿಲ್ಲ, ಮೂರು ಏಟು ಬೇಕಾಯಿತು. ಕೆಳಗೆ ಬಿದ್ದಾಗ ಅದರ ಎದೆಯ ಕೆಳಗಿಂದ ಒಂದು ರೂಪಾಯಿ ನಾಣ್ಯದಷ್ಟು ಅಗಲದ, ಚಪ್ಪಟೆಯಾದ, ಬಿಳಿ ಬಿಲ್ಲೆ ಥರದ್ದೊಂದು ಉರುಳಿತು. ಅಮ್ಮ ಬಾಗಿಲಲ್ಲಿ ನಿಂತಿದ್ದರು. "ಮೊಟ್ಟೆ ಕಟ್ಟಿಕೊಂಡಿತ್ತು ಕಣೇ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಪೇಟೆಯ ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಅವರು ಕತ್ತು ನೋಡಿದರು, ಕಣ್ಣು ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಮಗು ಮಲಗೋ ಜಾಗದ ಹತ್ತಿರ ಟ್ಯೂಬ್‌ಲೈಟ್ ಇದೆಯಾ? ಕಿಟಕಿ ತೆಗೆದಿರ್ತೀರಾ? ಎದುರಿಗೆ ಗದ್ದೆ ಇದೆಯಾ?" ಮೂರಕ್ಕೂ ಹೌದು ಅಂದೆ. "ಇದು ಜೇಡದ್ದಲ್ಲಮ್ಮ" ಅಂದರು.

ಅದು ಪೀಡರಸ್ ಅನ್ನೋ ಪುಟ್ಟ ಜೀರುಂಡೆಯ ಕೆಲಸ. ಒಂದು ಸೆಂಟಿಮೀಟರ್ ಕೂಡ ಇರಲ್ಲ. ನೋಡಿದರೆ ಉದ್ದನೆ ಇರುವೆ ಅಂದ್ಕೋಬೇಕು: ತಲೆ ಕಪ್ಪು, ಎದೆ ಕಿತ್ತಳೆ, ಹೊಟ್ಟೆ ಕಿತ್ತಳೆ, ಹೊಟ್ಟೆಯ ತುದಿ ಮತ್ತೆ ಕಪ್ಪು. ಬೆನ್ನ ಮೇಲೆ ಗಿಡ್ಡ ರೆಕ್ಕೆಗವಚ. ಗದ್ದೆಯ ಒದ್ದೆ ಮಣ್ಣಿನಲ್ಲಿ ಇರುತ್ತೆ, ಮಳೆಗಾಲದಲ್ಲಿ, ಮಳೆ ಮುಗಿಯುವ ದಿನಗಳಲ್ಲಿ ದೀಪಕ್ಕೆ ಹಾರಿ ಬರುತ್ತೆ. ಇದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಇದರ ಮೈಯೊಳಗಿನ ದ್ರವದಲ್ಲಿ ಪೆಡೆರಿನ್ ಅನ್ನೋ ವಿಷ ಇದೆ. ಮೈಮೇಲೆ ಕೂತಾಗ ನಾವು ನಿದ್ದೆಗಣ್ಣಲ್ಲಿ ಉಜ್ಜಿ ಹಾಕ್ತೀವಲ್ಲ, ಆಗ ಹುಳ ಜಜ್ಜಿ ದ್ರವ ಚರ್ಮಕ್ಕೆ ತಾಗುತ್ತೆ. ಉಜ್ಜಿದ ದಿಕ್ಕಿನಲ್ಲೇ ಗೆರೆ ಏಳುತ್ತೆ. ಕೂಡಲೇ ಅಲ್ಲ, ಸುಮಾರು ಒಂದೆರಡು ದಿನ ಬಿಟ್ಟು. ಅಷ್ಟರಲ್ಲಿ ಆ ಹುಳ ನಮಗೆ ನೆನಪೂ ಇರೋದಿಲ್ಲ. ಗೋಡೆ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತಿದ್ದದ್ದು ಜೇಡ. ತಪ್ಪು ಅದರ ತಲೆಗೆ ಬಂತು.

ಜೇಡ ಹರಿದರೆ, ಜೇಡ ಉಚ್ಚೆ ಹೊಯ್ದರೆ ಬೊಬ್ಬೆ ಏಳುತ್ತೆ ಅನ್ನೋ ಮಾತು ನಮ್ಮಲ್ಲಿ ಮಾತ್ರ ಇಲ್ಲ, ಬೇರೆ ಕಡೆಯೂ ಇದೆ. ಆದರೆ ಜೇಡ ಚರ್ಮದ ಮೇಲೆ ನಡೆದುಹೋದ ಮಾತ್ರಕ್ಕೆ ಹೀಗೆ ಸಾಲಾಗಿ ನೀರುಗುಳ್ಳೆ ಏಳುವುದಿಲ್ಲ. ಸರ್ಪಸುತ್ತು ಕೂಡ ಬೇರೆಯೇ, ಅದು ವೈರಸ್‌ನಿಂದ ಬರುವ ಕಾಯಿಲೆ, ಅದರ ಔಷಧವೂ ಬೇರೆ. ಇವು ಮೂರನ್ನೂ ಕಲಸಿಕೊಂಡರೆ ಸರಿಯಾದ ಚಿಕಿತ್ಸೆ ತಡವಾಗುತ್ತೆ. ನನ್ನ ಮಗಳ ವಿಷಯದಲ್ಲಿ ಆಗಿದ್ದು ಅದೇ. ಮೊದಲ ದಿನವೇ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಉಜ್ಜಲು ಬಿಡದೆ, ತಣ್ಣೀರು ಬಟ್ಟೆ ಇಟ್ಟು, ಡಾಕ್ಟರ್ ಹತ್ತಿರ ಹೋಗಿದ್ದರೆ ಕಣ್ಣಿನವರೆಗೆ ಬರುತ್ತಿರಲಿಲ್ಲ. ಪುಣ್ಯಕ್ಕೆ ರೆಪ್ಪೆಯಲ್ಲೇ ನಿಂತಿತ್ತು. ಹತ್ತು ದಿನದಲ್ಲಿ ವಾಸಿಯಾಯಿತು. ಕತ್ತಿನ ಮೇಲೆ ಕಪ್ಪು ಗೆರೆ ಕೆಲವು ತಿಂಗಳು ಉಳಿದಿತ್ತು.

ಆ ಜೀರುಂಡೆಯನ್ನೂ ವಿಲನ್ ಮಾಡೋದು ಬೇಡ. ಗದ್ದೆಯಲ್ಲಿ ಭತ್ತಕ್ಕೆ ಬೀಳೋ ಜಿಗಿಹುಳಗಳನ್ನು ತಿನ್ನೋದು ಇದೇ. ರೈತರ ಕಡೆಯದ್ದೇ. ಮೈಮೇಲೆ ಕೂತರೆ ಹೊಡೆಯದೆ, ಬಾಯಿಂದ ಊದಿ ಹಾರಿಸಿ, ಅಥವಾ ಒಂದು ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡಿ. ಮಲಗೋ ಕೋಣೆಯ ಲೈಟನ್ನು ಬೇಗ ಆರಿಸಿ, ಸೊಳ್ಳೆಪರದೆ ಕಟ್ಟಿ. ಅಷ್ಟೇ ಉಪಾಯ.

ಹಾಗಾದರೆ ದೊಡ್ಡ ಜೇಡ ಕಚ್ಚೋದೇ ಇಲ್ವಾ?

ಕಚ್ಚುತ್ತೆ. ಸುಳ್ಳು ಹೇಳಬಾರದು. ಕೈಯಲ್ಲಿ ಹಿಡಿದರೆ, ಬಟ್ಟೆಯೊಳಗೆ ಸಿಕ್ಕಿ ಒತ್ತಿದರೆ, ಮೊಟ್ಟೆ ಹೊತ್ತ ಹೆಣ್ಣನ್ನು ಕೆಣಕಿದರೆ ಕಚ್ಚುತ್ತೆ. ಅದಕ್ಕೆ ವಿಷವೂ ಇದೆ, ಜಿರಳೆ ಕೊಲ್ಲುವಷ್ಟು. ನಮಗೆ ಆಗೋದು ಸಾಮಾನ್ಯವಾಗಿ ಕಚ್ಚಿದ ಜಾಗದಲ್ಲಿ ನೋವು, ಊತ, ಕೆಂಪು. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಕಡಿಮೆಯಾಗುತ್ತೆ. ಆದರೆ ಉಸಿರಾಟಕ್ಕೆ ತೊಂದರೆ, ಮುಖ ಊದಿಕೊಳ್ಳೋದು, ವಾಂತಿ, ಮೈಯೆಲ್ಲ ಸೆಳೆತ ಕಂಡುಬಂದರೆ, ಊತ ದಿನದಿಂದ ದಿನಕ್ಕೆ ಹೆಚ್ಚಾದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೊಬೈಲ್‌ನಲ್ಲಿ ಆ ಜೇಡದ ಫೋಟೊ ಇದ್ದರೆ ಡಾಕ್ಟರಿಗೆ ಅನುಕೂಲ. ಫೋಟೊಗೋಸ್ಕರ ಅದರ ಹಿಂದೆ ಓಡಬೇಡಿ.

ಒಂದು ವ್ಯತ್ಯಾಸ ಮಾತ್ರ ಗೊತ್ತಿರಬೇಕು. ಪಶ್ಚಿಮ ಘಟ್ಟದಲ್ಲಿ ಟ್ಯಾರಂಟುಲಾ ಗುಂಪಿನ ಜೇಡಗಳೂ ಇವೆ. ಅವು ದಪ್ಪ, ಮೈ ತುಂಬ ರೋಮ, ಗಟ್ಟಿಮುಟ್ಟಾದ ಕಾಲು. ಹಂಟ್ಸ್‌ಮನ್ ಹಾಗೆ ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡಿರುವುದಿಲ್ಲ. ಅದರಲ್ಲಿ ಪೊಸಿಲೊಥೀರಿಯಾ ಅನ್ನೋ ಕುಲದವು ಮರದ ಪೊಟರೆಗಳಲ್ಲಿ ಇರುತ್ತವೆ, ಮೈಮೇಲೆ ಬೂದು, ಕಪ್ಪು, ಬಿಳಿ ಚಿತ್ತಾರ. ಇವುಗಳ ಕಡಿತ ತೀವ್ರ ನೋವು ಕೊಡುತ್ತೆ, ಕೆಲವರಿಗೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡುತ್ತೆ. ಸೌದೆ ತರುವಾಗ, ಹಳೇ ಮರ ಸೀಳುವಾಗ ಎಚ್ಚರ ಇರಬೇಕಾದದ್ದು ಇವುಗಳ ಬಗ್ಗೆ. ಆದರೆ ಇವು ಅಪರೂಪವಾಗ್ತಾ ಇವೆ. ಸಾಕುವ ಹುಚ್ಚಿಗೆ ಹೊರದೇಶಗಳಿಗೆ ಮಾರಾಟವಾಗುತ್ತಿದ್ದದ್ದೂ ಒಂದು ಕಾರಣ, ಹಾಗಾಗಿ 2019ರಲ್ಲಿ ಈ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಿದರು. ಕಂಡರೆ ಮುಟ್ಟಬೇಡಿ, ಕೊಲ್ಲಬೇಡಿ, ದೂರ ನಿಂತುಬಿಡಿ.

ಸ್ಪ್ರೇ ಹೊಡೆಸಿದರೆ ಆಗಲ್ವಾ?

ನಾನೂ ಹೊಡೆಸುವವಳೇ ಇದ್ದೆ. ಫೋನ್ ಮಾಡಿ ದಿನವೂ ಗೊತ್ತು ಮಾಡಿದ್ದೆ. ಡಾಕ್ಟರ್ ಮಾತು ಕೇಳಿ ಬಂದ ಮೇಲೆ ಬೇಡ ಅಂದೆ.

ಯೋಚನೆ ಮಾಡಿ. ಮನೆಯಲ್ಲಿ ಜೇಡ ಇದೆ ಅಂದ್ರೆ ಜೇಡಕ್ಕೆ ಊಟ ಇದೆ ಅಂತ ಅರ್ಥ. ಸ್ಪ್ರೇಗೆ ಜೇಡವೂ ಸಾಯುತ್ತೆ, ಜಿರಳೆಯೂ ಸಾಯುತ್ತೆ. ಆದರೆ ಜಿರಳೆಯ ಮೊಟ್ಟೆ ಗಟ್ಟಿಯಾದ ಕೋಶದೊಳಗೆ ಇರುತ್ತೆ, ಔಷಧ ಅಲ್ಲಿಗೆ ಸುಲಭಕ್ಕೆ ಮುಟ್ಟೋದಿಲ್ಲ. ಕೆಲವು ವಾರದಲ್ಲಿ ಮರಿ ಹೊರಗೆ ಬರುತ್ತೆ. ಅಷ್ಟರಲ್ಲಿ ಅದನ್ನು ಹಿಡಿಯೋ ಬೇಟೆಗಾರನನ್ನು ನಾವೇ ತೆಗೆದುಬಿಟ್ಟಿರ್ತೀವಿ. ಮೇಲಾಗಿ ಆ ಔಷಧ ಬೀಳೋದು ನಮ್ಮ ಮಕ್ಕಳು ಆಡೋ ನೆಲದ ಮೇಲೆ.

ಜೇಡ ಮನೆ ತುಂಬ ಹೆಚ್ಚಿಬಿಡುತ್ತೆ ಅನ್ನೋ ಭಯವೂ ಇರುತ್ತೆ. ಒಂದು ಚೀಲದಲ್ಲಿ ನೂರಾರು ಮೊಟ್ಟೆ ಇರೋದು ನಿಜ. ತಾಯಿ ಅದನ್ನು ವಾರಗಟ್ಟಲೆ ಎದೆಯ ಕೆಳಗೆ ಹೊತ್ತುಕೊಂಡೇ ತಿರುಗುತ್ತೆ, ಆ ಕಾಲದಲ್ಲಿ ಬೇಟೆಯಾಡೋದೂ ಕಡಿಮೆ. ಆದರೆ ಅಷ್ಟು ಮರಿಗಳಲ್ಲಿ ದೊಡ್ಡದಾಗೋದು ಬೆರಳೆಣಿಕೆಯಷ್ಟು. ಹಲ್ಲಿ ತಿನ್ನುತ್ತೆ, ಇರುವೆ ಹೊತ್ತೊಯ್ಯುತ್ತೆ, ಮರಿಗಳೇ ಒಂದನ್ನೊಂದು ತಿನ್ನುತ್ತವೆ. ಕಿಟಕಿ ಮೂಲೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತಲ್ಲ, ಅದನ್ನು ಒಡೆದು ನೋಡಿದ್ದೀರಾ? ಒಳಗೆ ಸಾಲಾಗಿ ಸಣ್ಣ ಜೇಡಗಳು ಇರುತ್ತವೆ, ಸತ್ತಿರಲ್ಲ, ಅಲುಗಾಡಲ್ಲ. ಕುಂಬಾರ ಹುಳ ತನ್ನ ಮರಿಗೆ ಬುತ್ತಿ ಕಟ್ಟಿಟ್ಟದ್ದು ಅದು. ಒಟ್ಟಿನಲ್ಲಿ ಬೇಟೆಗಾರನೂ ಬೇಟೆಯೇ.

ಒಟ್ಟಿಗೆ ಇರೋದು ಹೇಗೆ?

ನಾನು ಈಗ ಮಾಡೋದನ್ನ ಹೇಳ್ತೀನಿ. ನಿಮಗೆ ಸರಿ ಅನ್ನಿಸಿದ್ದನ್ನ ತಗೊಳ್ಳಿ.

ಮಲಗೋ ಕೋಣೆ ಮತ್ತು ಬಾಕಿ ಮನೆ ಅಂತ ಎರಡು ಭಾಗ ಮಾಡಿಕೊಂಡಿದ್ದೀವಿ. ಬಚ್ಚಲು, ಅಟ್ಟ, ಸೌದೆ ಮನೆ ಅದಕ್ಕೆ. ಮಲಗೋ ಕೋಣೆ ನಮಗೆ. ಕೋಣೆಯ ಬಾಗಿಲ ಕೆಳಗಿನ ಸಂದಿಗೆ ಬಟ್ಟೆಯ ಸುರುಳಿ ಇಡ್ತೀವಿ, ಕಿಟಕಿಗೆ ಜಾಲರಿ ಹಾಕಿಸಿದ್ದೀವಿ, ಮಂಚವನ್ನು ಗೋಡೆಯಿಂದ ಗೇಣು ದೂರ ಎಳೆದಿದ್ದೀವಿ. ಗೋಡೆಗೆ ತಾಗಿದ ಬಟ್ಟೆ ಹಾಕೋ ಮುಂಚೆ ಒಂದು ಸಲ ಕೊಡವಬೇಕು. ಮೂಲೆಯಲ್ಲಿಟ್ಟ ಬೂಟು, ಗಂಬೂಟು ಮೊದಲು ಬಡಿಯಬೇಕು. ಇದು ಜೇಡಕ್ಕೆ ಮಾತ್ರ ಅಲ್ಲ, ಚೇಳಿಗೂ ಒಳ್ಳೇದು. ರಾತ್ರಿ ಎಂಜಲು ಪಾತ್ರೆ ಹಾಗೇ ಬಿಡಬಾರದು, ಜಿರಳೆ ಕಡಿಮೆಯಾದರೆ ಜೇಡವೂ ತಾನಾಗಿ ಕಡಿಮೆ.

ಕೋಣೆಯೊಳಗೆ ಬಂದೇಬಿಟ್ಟರೆ ಹೊರಗೆ ಹಾಕೋದಕ್ಕೆ ಒಂದು ಡಬ್ಬಿ ಬೇಕು. ಅಗಲ ಬಾಯಿಯದ್ದು, ಒಳಗಡೆ ಏನಿದೆ ಅಂತ ಕಾಣೋ ಪ್ಲಾಸ್ಟಿಕ್ ಡಬ್ಬಿ. ಚಿಕ್ಕದಾದರೆ ಕಾಲು ಅಂಚಿಗೆ ಸಿಕ್ಕಿ ಮುರಿಯುತ್ತೆ. ಜತೆಗೆ ಒಂದು ದಪ್ಪ ಕಾಗದ. ನಮ್ಮ ಮನೆಯಲ್ಲಿ ಹಳೇ ಲಗ್ನಪತ್ರಿಕೆಗಳಿಗೆ ಈಗ ಇದೇ ಕೆಲಸ. ಡಬ್ಬಿಯನ್ನು ನಿಧಾನವಾಗಿ, ನೇರವಾಗಿ ಅದರ ಮೇಲೆ ಮುಚ್ಚಿ. ಒಂದು ನಿಮಿಷ ಸುಮ್ಮನಿರಿ, ಅದೂ ಸುಮ್ಮನಾಗುತ್ತೆ. ಆಮೇಲೆ ಗೋಡೆಗೂ ಡಬ್ಬಿಗೂ ನಡುವೆ ಪತ್ರಿಕೆಯನ್ನು ಮೆಲ್ಲಗೆ ತೂರಿಸಿ. ಕಾಲು ಎತ್ತಿಕೊಳ್ಳೋದಕ್ಕೆ ಸಮಯ ಕೊಡಿ. ಸೌದೆ ಮನೆಯಲ್ಲೋ ಕೊಟ್ಟಿಗೆಯಲ್ಲೋ ಬಿಟ್ಟು ಬನ್ನಿ. ಮೊದಲ ಸಲ ನನ್ನ ಕೈ ಎಷ್ಟು ನಡುಗಿತ್ತು ಅಂದ್ರೆ ಡಬ್ಬಿ ಗೋಡೆಗೆ ಬಡಿದು ಟಕಟಕ ಸದ್ದು ಬರ್ತಿತ್ತು.

ಭಯದ ಬಗ್ಗೆ ಒಂದು ಮಾತು. ಜೇಡಕ್ಕೆ ಹೆದರೋರನ್ನು ಗೇಲಿ ಮಾಡೋದು, ಹತ್ತಿರ ತಂದು ಹಿಡಿಯೋದು ದಯವಿಟ್ಟು ಬೇಡ. ಅದರಿಂದ ಭಯ ಹೋಗೋದಿಲ್ಲ, ಬೇರು ಬಿಡುತ್ತೆ. ಮನೋವೈದ್ಯರು ಅನುಸರಿಸೋ ದಾರಿ ಇದಕ್ಕೆ ತದ್ವಿರುದ್ಧ: ಮೊದಲು ಚಿತ್ರ, ಆಮೇಲೆ ದೂರದಿಂದ, ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ, ಹೆದರಿದವರು ಒಪ್ಪಿದಷ್ಟೇ. ರಾತ್ರಿ ನಿದ್ದೆ ಬಾರದಷ್ಟು, ಒಂದು ಕೋಣೆಗೇ ಹೋಗಲಾರದಷ್ಟು ಭಯ ಇದ್ದರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ನಾಚಿಕೆ ಪಡಬೇಕಾದದ್ದು ಏನಿಲ್ಲ.

ಈ ಬೇಸಿಗೆ ರಜೆಯಲ್ಲಿ ಮತ್ತೆ ಊರಿಗೆ ಹೋಗಿದ್ದೆವು. ಹಂಡೆಯ ಮೇಲಿನ ಜಾಗದಲ್ಲಿ ಹೊಸದೊಂದು ಬಂದಿತ್ತು. ಇದು ಗಂಡು, ಹೊಟ್ಟೆ ಮೇಲೆ ಕಪ್ಪು ಗೆರೆ ಇತ್ತು. ಗಂಡು ಹೆಣ್ಣನ್ನು ಕರೆಯೋಕೆ ಕಾಲು ಅದುರಿಸಿ ಸಣ್ಣಗೆ ಗುಂಯ್ ಅಂತ ಸದ್ದು ಮಾಡುತ್ತೆ ಅಂತ ಓದಿದ್ದೆ, ಎರಡು ರಾತ್ರಿ ಕಿವಿಗೊಟ್ಟು ಕೂತರೂ ನನಗೇನೂ ಕೇಳಿಸಲಿಲ್ಲ. ಮಗಳು ಬಾಗಿಲಲ್ಲಿ ನಿಂತು ನೋಡಿ ಕೇಳಿದಳು: "ಅಮ್ಮ, ಇದರ ಹೆಂಡತೀನೇನಾ ನೀನು ಹೊಡೆದಿದ್ದು?"

ಗೊತ್ತಿಲ್ಲ ಪುಟ್ಟಿ, ಅಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಲೈಟ್ ಆರಿಸಿ, ಬಾಗಿಲು ಮುಂದೆ ಮಾಡಿ ಬಂದಳು. "ಅದು ಊಟ ಮಾಡಲಿ, ನಾನು ಆಮೇಲೆ ಸ್ನಾನ ಮಾಡ್ತೀನಿ" ಅಂದಳು. ಸ್ನಾನ ತಪ್ಪಿಸಿಕೊಳ್ಳೋ ಉಪಾಯ ಅಂತ ಅಮ್ಮ ಅಡುಗೆ ಮನೆಯಿಂದಲೇ ಕೂಗಿ ಹೇಳಿದರು. ಅದೂ ಇರಬಹುದು.

ನಿಮ್ಮ ಮನೆಯ ದೊಡ್ಡ ಜೇಡ ಎಲ್ಲಿ ಕೂತಿರುತ್ತೆ, ನಿಮ್ಮ ಕಡೆ ಅದಕ್ಕೆ ಏನಂತಾರೆ, ನಮಗೆ ಬರೆದು ತಿಳಿಸಿ. ಮುಂದಿನ ವಾರ ಮತ್ತೊಂದು ವಿಷಯದ ಜತೆ ಸಿಗೋಣ.